ಗಾಲಿ ತಟ್ಟುವವನ ಕಿವಿ

ಖಶೂರಿಯ ರೈಲ್ವೆ ಆಸ್ಪತ್ರೆಯಲ್ಲಿ
ಎರಡನೇ ಮಹಡಿ, ಕೊನೆಯ ಬಾಗಿಲು.
ಒಳಗೊಂದು ಪೆಟ್ಟಿಗೆಯಂಥ ಕೋಣೆ,
ಗೋಡೆಗೆಲ್ಲ ಮೆತ್ತೆ.
ಅಲ್ಲಿ ನಾನು ಕಿವಿಗಳನ್ನು ಅಳೆಯುತ್ತೇನೆ.

ಪಾರ್ಮೆನ್ ಬಂದದ್ದು ಒಂದು ಬುಧವಾರ,
ಸುರಾಮಿಯ ಗುಡ್ಡದಿಂದ ಚಳಿ ಇನ್ನೂ ಇಳಿಯುತ್ತಲೇ ಇತ್ತು.
ನಲವತ್ತೊಂದು ವರ್ಷ ಅವನದು ಒಂದೇ ಕೆಲಸ:
ನಿಂತ ರೈಲಿನ ಉದ್ದಕ್ಕೂ ನಡೆಯುವುದು,
ಉದ್ದ ಹಿಡಿಕೆಯ ಸುತ್ತಿಗೆಯಿಂದ
ಒಂದೊಂದು ಗಾಲಿಯನ್ನೂ ತಟ್ಟುವುದು,
ಕೇಳುವುದು.

ಗಟ್ಟಿ ಗಾಲಿ ಠಣ್ಣೆನ್ನುತ್ತದೆ,
ನಾದ ಹಲ್ಲಿನವರೆಗೂ ಏರುತ್ತದೆ.
ಬಿರುಕು ಬಿಟ್ಟದ್ದು
ಠಪ್ಪೆಂದು ಅಲ್ಲೇ ಸಾಯುತ್ತದೆ.
ಕೂದಲೆಳೆಯಂಥ ಬಿರುಕು, ಎಣ್ಣೆ ಮಸಿಯ ಕೆಳಗೆ.
“ಕಣ್ಣು ನಂಬಿದರೆ ಕೆಟ್ಟೆ” ಎಂದ.

ಕೈಗೆ ಗುಂಡಿ ಕೊಟ್ಟೆ. ಕೇಳಿಸಿದಾಗ ಒತ್ತಿ.
ಎತ್ತರದ ಸ್ವರಗಳು ಒಂದೊಂದಾಗಿ ಹಾದುಹೋದವು,
ಅವನು ಒತ್ತಲಿಲ್ಲ.
ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತ ಕೂತಿತ್ತು,
ಸಿಗ್ನಲ್ ಬೀಳದ ನಿಲ್ದಾಣದ ಹಾಗೆ.
ಆಮೇಲೆ, ನಾನು ಏನೂ ಕಳಿಸದೆ ಇದ್ದಾಗ,
ಒತ್ತಿದ. ಮತ್ತೆ ಒತ್ತಿದ.

“ಏನು ಕೇಳಿಸಿತು?”
“ಅದೇ, ರಾತ್ರಿಯೆಲ್ಲ ಕೂಗುವ ಸಿಳ್ಳೆ.
ಯಾವ ಗಾಡಿಯದೋ, ಬರುವುದೂ ಇಲ್ಲ,
ಹೋಗುವುದೂ ಇಲ್ಲ.”

ಕಾಗದದ ಮೇಲೆ ಅವನ ಗೆರೆ ಎಳೆದೆ,
ಬಲಕ್ಕೆ ಹೋದಂತೆ ಜಾರುವ ಗೆರೆ,
ಇಳಿಜಾರಿನಲ್ಲಿ ಬ್ರೇಕು ಸಿಗದ ಬೋಗಿ.
ನಿದ್ದೆ ಬರುತ್ತದೆಯೇ, ಎದೆ ಡವಗುಟ್ಟುತ್ತದೆಯೇ,
ನಾಲ್ಕು ಜನರ ನಡುವೆ ಕೂರುತ್ತೀರಾ,
ಫಾರಮಿನಲ್ಲಿದ್ದದ್ದನ್ನೆಲ್ಲ ಕೇಳಿದೆ.
ಮುಗಿದ ಮೇಲೂ ಪೆನ್ನು ಮುಚ್ಚಿಟ್ಟು ಕೂತೇ ಇದ್ದೆ,
ಯಾಕೆಂದು ಗೊತ್ತಿಲ್ಲ.

“ಹದಿನೆಂಟು ಬೋಗಿಯ ಗಾಡಿ ನಿಲ್ಲಿಸಿದ್ದೇನೆ,
ಮ್ಯಾಂಗನೀಸ್ ತುಂಬಿದ್ದು,
ಒಂದೇ ಒಂದು ಗಾಲಿ ಮಂಕಾಗಿ ನುಡಿಯಿತೆಂದು.
ಮೇಲಿನವರು ಬೈದರು, ಚಾಲಕ ನೆಲಕ್ಕೆ ಉಗಿದ.
ಕೆಂಪು ಬಾವುಟ ಇಳಿಸಲಿಲ್ಲ ನಾನು.
ಅದೇ ಚಳಿಗಾಲ, ಮನೆಯಲ್ಲಿ ಮಕ್ವಾಲಾ
ಲೋಬಿಯೊ ಬಡಿಸುತ್ತಿದ್ದಳು.
ಯಾಕೆ ಬಾಡಿದ್ದೀ ಅಂದೆ.
‘ಏನಿಲ್ಲ’ ಅಂದಳು.
ಠಪ್.
ಕೇಳಿಸಿತು ನನಗೆ. ಆಗ ಈ ಕಿವಿ ಸೂಜಿಯ ಹಾಗಿತ್ತು.
ಕೇಳಿಸಿಯೂ ಎರಡನೇ ಸಲ ತಟ್ಟಲಿಲ್ಲ.
ರೊಟ್ಟಿ ಮುರಿದೆ, ಉಂಡೆ. ಹಸಿದಿದ್ದೆ.
ಹನ್ನೊಂದು ವಾರ ಓಡಿತು ಆ ಗಾಡಿ.”

ಮುಂದೆ ಅವನು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಕಿವಿಯ ಹಿಂದೆ ಯಂತ್ರ ಕೂರಿಸಿದೆ,
ನೆನೆದ ಅವರೆಕಾಳಿನಷ್ಟು.
ಸಿಳ್ಳೆಯ ಪಕ್ಕದಲ್ಲಿ ಬೇರೆ ಸದ್ದೂ ಇರಲಿ,
ಮಳೆಯದು, ಅಲೆಯದು, ನಿದ್ದೆಗೆ ಒಳ್ಳೆಯದು ಅಂದೆ.
ಮಳೆ ಕೇಳಿ ಮುಖ ಸೊಟ್ಟಗೆ ಮಾಡಿದ:
“ಯಾರೋ ಮೀನು ಹುರಿಯುತ್ತಿದ್ದಾರೆ.”
ಕಿಟಕಿ ತೆಗೆಸಿದ.
ಕೆಳಗೆ ಯಾರ್ಡಿನಲ್ಲಿ ಬೋಗಿಗೆ ಬೋಗಿ ತಾಗಿ
ಈ ತುದಿಯಿಂದ ಆ ತುದಿಗೆ ಗುಡುಗು ಹಾಯಿತು.
ಕಣ್ಣು ಮುಚ್ಚಿದ. ಹೆಗಲು ಇಳಿಯಿತು.
ನನ್ನ ಯಂತ್ರದ ಪಟ್ಟಿಯಲ್ಲಿ
ಆ ಸದ್ದು ಇರಲಿಲ್ಲ.

ಹೊರಡುವಾಗ ಬೆರಳಗೆಣ್ಣಿನಿಂದ ನನ್ನ ಮೇಜು ತಟ್ಟಿದ,
ಬಾಗಿಲ ಚೌಕಟ್ಟು ತಟ್ಟಿದ.
“ಮರ ಚೆನ್ನಾಗಿದೆ. ತಿರುಪು ಸಡಿಲ.”

ಸಂಜೆ ಮನೆಯಲ್ಲಿ ದೀಪ ಹಾಕಿರಲಿಲ್ಲ.
ಮಗಳು ಕೆತೊ, ಹದಿನಾಲ್ಕು ತುಂಬಿದವಳು,
ಫೋನು ಬೋರಲು ಹಾಕಿ ಅಡುಗೆಮನೆಯಲ್ಲಿ ಕೂತಿದ್ದಳು.
ಏನಾಯಿತೇ ಅಂದೆ, ಕೋಟು ಬಿಚ್ಚುತ್ತ.
“ಏನಿಲ್ಲ.”

ಒಂದು ತೋಳು ಒಳಗೆ, ಒಂದು ಹೊರಗೆ,
ಹಾಗೇ ನಿಂತೆ.
ಕುದಿಯುತ್ತಿದ್ದ ಕೆಟಲು ಆರಿಸಿದೆ.
ಎದುರಿನ ಕುರ್ಚಿ ಎಳೆದೆ, ಕಿರುಗುಟ್ಟಿತು.
ಹಿತ್ತಲಾಚೆ ಬಟೂಮಿಯ ಗಾಡಿ ಹಾಯತೊಡಗಿತು,
ಕಪ್ಪು ಬಸಿಗಳೆಲ್ಲ ನಡುಗಿದವು.
ಅದು ಪೂರ್ತಿ ದಾಟುವವರೆಗೂ ಕಾದು
ಮತ್ತೊಮ್ಮೆ ಕೇಳಿದೆ.