ಹಾಡೇ ಏರ್ಯಾದ

ಡ್ಯೂಟಿ ಮುಗಿಸಿ ಬಂದು ಮೊದಲು ಒರಸೂದು ಧೂಳು.
ವಾಡಿಯಾಗ ಸಿಮೆಂಟಿನ ಧೂಳಿಗಿ ಸಂಗೀತ ಗೊತ್ತಿಲ್ಲ,
ತಂತಿ ಯಾವುದು, ಕಿಟಕಿ ಸರಳು ಯಾವುದು,
ಎಲ್ಲಾದರ ಮ್ಯಾಲೂ ಒಂದೇ ಸಮ ಕೂಡ್ತದ.
ಹತ್ತು ತಂತಿ. ಮೂರು ಪೆಡಲು. ಮೊಣಕಾಲಿಗಿ ಎರಡು ಲಿವರು.
ಒಳಗಿನ ಕಡ್ಡಿ ಸೈಕಲ್ಲಿಂದು,
ಎಡಗೈಯಾಗಿನ ಉಕ್ಕಿನ ತುಂಡು
ಶೆಡ್ಡಿನ ಗುಜರಿಯಾಗ ಸಿಕ್ಕ ಬೇರಿಂಗ್ ರೋಲರು.
ಪೆಡಲ್ ಸ್ಟೀಲ್ ಅಂದ್ರ ಓಣಿಯವರಿಗಿ ತಿಳಿಯಂಗಿಲ್ಲ,
"ಹೊಲಿಗಿ ಮಷೀನ್ ಬಾರಿಸ್ತಾನ" ಅಂತಾರ.
ಇರಲಿ.

ಫೋನಿನಾಗ ಅಭ್ಯಾಸದ ಟ್ರ್ಯಾಕು ಹನ್ನೆರಡು ಅವ.
ಡ್ರಮ್ ಅದ, ಬೇಸ್ ಅದ, ಪಿಯಾನೋ ಅದ,
ಗಿಟಾರಿನವ ಒಬ್ಬ ಮೆಲ್ಲಕ ಕೆರೀತಾನ,
ನಡುವ ಒಂದು ಜಾಗ ಖಾಲಿ.
ಜನರಲ್ ಡಬ್ಬಿಯಾಗ ಟಾವೆಲ್ ಹಾಕಿ ಹಿಡಿದ ಸೀಟಿನಂಗ
ಯಾರೋ ನಾಲ್ಕು ಮಂದಿ, ನನ್ನ ಹೆಸರು ಗೊತ್ತಿಲ್ಲದವರು,
ನನಗಂತ ಬಿಟ್ಟಾರ.

ಟ್ಯೂನರ್ ಹಚ್ಚಿ ಒಂದೊಂದೇ ತಂತಿ ಕೂಡಿಸಿದೆ.
ಹಸರು, ಹಸರು, ಹಸರು.
ಹತ್ತಕ್ಕ ಹತ್ತೂ ಹಸರು ದೀಪ.
ಸಿಗ್ನಲ್ ಬಿದ್ದದ, ಗಾಡಿ ಬಿಡಬಹುದು.
ಟ್ರ್ಯಾಕ್ ಹಚ್ಚಿ ಮೊದಲನೇ ಸ್ವರ ಜಾರಿಸಿದ್ನೋ ಇಲ್ಲೋ
ಹಲ್ಲಿನಾಗ ಉಸುಕು ಸಿಕ್ಕಂಗಾತು.

ಮತ್ತ ಕೂಡಿಸಿದೆ.
ಬಿಸಲಿಗಿ ತಂತಿ ಸಡಲ್ಯಾವೇನಂತ ಫ್ಯಾನ್ ಹಚ್ಚಿದೆ,
ಫ್ಯಾನಿಂದೇ ಒಂದು ಸ್ವರ, ಅದನ್ನ ಬಂದ್ ಮಾಡಿದೆ.
ಒಂದು ಪೆಡಲ್ ತುಳಿದ್ರ ಎರಡು ತಂತಿ ಏರ್ತಾವ,
ಬಾಕಿ ಎಂಟೂ ಕೂದಲೆಳಿಯಷ್ಟು ಕುಸೀತಾವ,
ಒಬ್ಬಾವನ ಪ್ರಮೋಷನ್ ಆದ್ರ
ಶೆಡ್ಡಿನವರೆಲ್ಲರ ಮಾರಿ ಇಳಿದಂಗ.

ಚಾಂದಪಾಶಾ ಚಾ ಕುಡೀಲಾಕ ಬಂದಿದ್ದ.
ಮೂವತ್ತೊಂದು ವರ್ಷ ಪ್ಲಾಟ್‌ಫಾರ್ಮಿನ ಅಂಚಿಗಿ ನಡೆದು
ಗಾಲಿಗಿ ಸುತ್ತಿಗಿ ಬಡಿದು ಕೇಳಿದಾವ.
ಟಣ್ ಅಂದ್ರ ಗಾಡಿ ಹೋಗಲಿ,
ಟಪ್ ಅಂದ್ರ ಡಬ್ಬಿ ಬಿಚ್ಚು.
ಒಮ್ಮೆ ರಾತ್ರಿ ಎರಡರ ಗಾಡಿಯಾಗ
ಹದಿನೇಳನೇ ಗಾಲಿ ಮ್ಯಾಲ ಕೈ ಇಟ್ಟು
"ಇದು ಸುಳ್ಳು ಹೇಳ್ಲತ್ತದ" ಅಂದಿದ್ನಂತ.
ಸಕ್ಕರಿ ಕಲಸೂದು ನಿಲ್ಲಿಸಿ ಒಂದು ನಿಮಿಷ ಕೇಳಿದ, ಅಂದ:
"ನೀ ಇಳಿದಿಲ್ಲ ತಮ್ಮಾ. ಹಾಡೇ ಏರ್ಯಾದ."

ಖರೇ.
ಎಲ್ಲೋ ಯಾವುದೋ ಊರಾಗ
ಮಷೀನು ಟೇಪ್ ಜರಾ ಜೋರು ತಿರುಗಿಸ್ಯಾದ,
ನಾಲ್ಕೂ ಮಂದಿ ಕೂಡೇ ಏರ್ಯಾರ,
ಅವರಿಗಿ ಗೊತ್ತಿಲ್ಲ.
ಎಲ್ಲಾರೂ ಕೂಡಿ ತಪ್ಪಿದ್ರ ಅದೇ ಶ್ರುತಿ.

ಟ್ಯೂನರ್ ಬೋರಲ ಹಾಕಿದೆ.
ಬೇಸಿನವನ ಕೆಳಗಿನ ಸ್ವರ ಹಿಡಿದು
ಅದರ ಮಗ್ಗಲಿಗಿ ನಂದು ಏರಿಸ್ಕೋತ ತಂದೆ.
ಎರಡರ ನಡುವ ಒಂದು ತೆರಿ,
ವಂವ್ ವಂವ್ ವಂವ್
ಸ್ಟೇಷನ್ ಹತ್ತರ ಬಂದ ಗಾಡಿಯಂಗ
ವಂವ್... ವಂ...
ನಿಂತಿತು.

ಗಾಂಧಾರ ಮಾತ್ರ ಕೇಳಲಿಲ್ಲ.
ಲೆಕ್ಕದ ಜಾಗದಾಗ ಇಟ್ರ ಚುಚ್ಚತಿತ್ತು.
ಒಂದು ಕೂದಲು ಇಳಿಸಿದೆ. ಇನ್ನೊಂದು.
ಟ್ಯೂನರ್ ಎತ್ತಿ ನೋಡಿದ್ರ ಕೆಂಪು ದೀಪ,
ಚಾಂದಪಾಶಾನ ಮಾರಿ ನೋಡಿದ್ರ ಕಣ್ಣು ಮುಚ್ಚ್ಯಾವ.
ಕೆಂಪಿದ್ರೂ ಗಾಡಿ ಬಿಟ್ಟೆ.
ನೌಕರಿಯಾಗ ಆಗಿದ್ರ ಸಸ್ಪೆಂಡ್.

ಟಾವೆಲ್ ತೆಗೆದು ಕೂತೆ.
ನಾಲ್ಕು ನಿಮಿಷ ಯಾರೂ ನನಗ ಸರಿ ಅನ್ನಲಿಲ್ಲ.
ನಡುವ ಒಂದು ಮಾಲ್‌ಗಾಡಿ ಹಾರ್ನ್ ಹೊಡೀತು,
ಹಾಡಿನ ಒಳಗೂ ಅಲ್ಲ, ಹೊರಗೂ ಅಲ್ಲ.

ಈಗ ಕಸ್ತೂರಬಾಯಿ ಬಾಗಲದಾಗ ನಿಂತಾಳ.
ಗುರುವಾರ ಭಜನಿ. ಅಕಿ ಹಾರ್ಮೋನಿಯಂ ಅಕಿ ಅಪ್ಪಂದು,
ಅದು ಯಾರ ಸಲುವಾಗೂ ಏರಂಗಿಲ್ಲ, ಇಳಿಯಂಗಿಲ್ಲ.
"ಮತ್ತ ಕೆಡಿಸಿದೇನು?"
"ಇಲ್ಲ" ಅಂದೆ, "ಕೂಡಿಸೀನಿ."
"ಯಾರ ಸಂಗಡ?"

ಚಾಂದಪಾಶಾ ಕಪ್ಪು ಇಟ್ಟು ಚಪ್ಪಲ್ ಹುಡುಕ್ಲತ್ತಾನ.
ಹತ್ತು ತಂತಿ.
ಬುಧವಾರ ರಾತ್ರಿ ತನಕ ಹಿಂಗೇ ಇರಲಿ.