ಜೇಬು ನೋಡಿ ಹಾಕು

ಜೇಬು ನೋಡಿ ಹಾಕು ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇನೆ.
ಮೊತಾಲೆಬ್ ಹೂಂಗುಟ್ಟುತ್ತಾನೆ. ನೋಡದೆ ಹಾಕುತ್ತಾನೆ.
ಹಾಗಾಗಿ ನನ್ನ ಮೇಜಿನ ಖಾನೆಯಲ್ಲಿ
ಸಲಾಲಾದ ಅರ್ಧ ಊರಿನ ಭಕ್ತಿ ಒದ್ದೆಯಾಗಿ ಬಿದ್ದಿರುತ್ತದೆ:
ಜಪಮಣಿ, ಮೂವತ್ತಮೂರರಲ್ಲಿ ಮೂವತ್ತೊಂದು,
ತಾಯಿತ, ಉಕ್ಕಿನ ಶಿಲುಬೆ,
ವಿಭೂತಿಯ ಪೊಟ್ಟಣ, ಈಗ ಬರೀ ಗಂಜಿ.
ಕೇಳಿಕೊಂಡು ಬರುವವರು ಕಮ್ಮಿ.
ದೇವರು ಕಳೆದುಹೋಯಿತು ಎಂದು
ಲಾಂಡ್ರಿಯವನ ಹತ್ತಿರ ಹೇಳಲು ನಾಚಿಕೆ, ಅಲ್ಲವೆ.

ಖರೀಫಿನ ಜಿನುಗು ಶುರುವಾದ ವಾರ,
ಬುಧವಾರದ ಗಂಟಿನಲ್ಲಿ
ಒಂದು ಅಡುಗೆಮನೆ ಏಪ್ರನ್, ಅದರ ಜೇಬಲ್ಲಿ
ಅಂಗೈಯಗಲದ ಪುಸ್ತಕ.
ಅಚ್ಚಿನದ್ದಲ್ಲ. ಕೈಬರಹ.
ಸೊಂಟಕ್ಕೆ ಕೈಯಿಟ್ಟು, ಕಾಲು ಅಗಲಿಸಿ ನಿಂತ
ಪುಟ್ಟ ಪುಟ್ಟ ಮನುಷ್ಯರಂಥ ಅಕ್ಷರ.
‘ಇಥಿಯೋಪಿಯಾದವರದ್ದು’ ಎಂದ ಮೊತಾಲೆಬ್.
ಅಲ್ಲಲ್ಲಿ ಒಂದೊಂದು ಶಬ್ದ ಕೆಂಪು.
ಕಪ್ಪು ಗಟ್ಟಿಯಾಗಿ ಕೂತಿತ್ತು; ಕೆಂಪು ಮಾತ್ರ ಹಾಳೆಯ ಕೈಬಿಟ್ಟು
ಹೋಗಿ ಹತ್ತಿತ್ತು ಆ ಮನೆ ಯಜಮಾನರ
ಶುಕ್ರವಾರದ ಬಿಳಿ ದಿಶ್‌ದಾಶದ ಎದೆಗೆ.

ಶಾಯಿಯ ಕಲೆ ನನಗೆ ಹೊಸದಲ್ಲ.
ಸ್ಪಿರಿಟ್ಟು, ನಿಂಬೆ, ಹಾಲು, ಕೊನೆಗೆ ಬ್ಲೀಚು.
ಉಜ್ಜುತ್ತ ಉಜ್ಜುತ್ತ ಕೈ ತಡೆಯಿತು:
ಕೆಂಪಲ್ಲಿ ಬರೆಯುವುದು ಏನನ್ನು?
ನಾನಾದರೆ ಸಾಲ ಕೊಟ್ಟವರ ಹೆಸರನ್ನು. ಅವಳು?
ಯಾರ ಹೆಸರನ್ನು ತೊಳೆಯುತ್ತಿದ್ದೇನೆ,
ಮುನ್ನೂರು ಬೈಸಾಕ್ಕೆ?

ನಮ್ಮ ದೈವಕ್ಕೆ ಪುಸ್ತಕವಿಲ್ಲ.
ಕಡಲ ಬದಿಯ ಬೊಬ್ಬರ್ಯ, ಅಪ್ಪ ಬ್ಯಾರಿ ಎನ್ನುತ್ತಾರೆ.
ನುಡಿಯುತ್ತದೆ, ಕೇಳುತ್ತೇವೆ, ಬೆಳಗಾದರೆ
ಗಾಳಿಯಲ್ಲಿ ಒಂದಕ್ಷರವೂ ಉಳಿದಿರುವುದಿಲ್ಲ.
ಕೋಲದ ರಾತ್ರಿ ದೀವಟಿಗೆ ಹಿಡಿಯುವವರು ನಾವು, ಬಟ್ಟೆ ಹಾಸುವವರೂ ನಾವು.
ನಾವು ಹಾಸಿದ್ದರ ಮೇಲೆ ನಡೆದೇ ದೊಡ್ಡ ಮನೆಯವರು ಮಡಿಯಾಗುವುದು,
ನಮ್ಮನ್ನು ಮುಟ್ಟದೆ.
ಮಡಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಪುಸ್ತಕ ಒಣಗಿಸಿದ್ದು ರಾತ್ರಿ, ಶಟರ್ ಎಳೆದು.
ಹಾಳೆಗೊಂದು ತೆಳು ಬಟ್ಟೆ, ಇಸ್ತ್ರಿ ರೇಷ್ಮೆಯ ಬಿಸಿಗೆ.
ನಲವತ್ತೊಂದು ಹಾಳೆ. ಒಂದನ್ನೂ ಓದಲಿಲ್ಲ;
ಒಂದನ್ನೂ ಬಿಡಲಿಲ್ಲ.
ಕಾವಿಗೆ ಅದರಿಂದ ವಾಸನೆ ಎದ್ದಿತು,
ಈ ಊರಿನ ಲೋಬಾನದ್ದಲ್ಲ,
ಹುರಿದ ಈರುಳ್ಳಿಯದ್ದು.

ಗುರುವಾರ ಸಂಜೆ ಆ ಮನೆಯ ಡ್ರೈವರ್ ಬಂದ, ಬಲೂಚಿ ಶೇರ್‌ದಿಲ್.
ಅವನ ಕೈಗೆ ಕೊಡಲೆ? ಮೇಡಮ್ಮಿಗೆಂದು ಕವರಿನಲ್ಲಿ?
ಒಳ್ಳೆಯ ಜನ, ಈದಿಗೆ ಹಲ್ವಾ ಕಳಿಸುತ್ತಾರೆ.
ಆದರೂ ಬಚ್ಚಿಟ್ಟವಳಿಗೆ ಗೊತ್ತು, ಬಚ್ಚಿಟ್ಟದ್ದು ಯಾಕೆಂದು.
ಮತ್ತೆ ಅದೇ ಜೇಬಿಗೆ ಸೇರಿಸಿ, ಪಿನ್ನು ಹಾಕಿ, ಏಪ್ರನ್ ಮಡಚಿದೆ.
ಶೇರ್‌ದಿಲ್ ಎತ್ತಿ ನೋಡಿದ. ನನ್ನ ಮುಖ ನೋಡಿದ.
‘ಭಾರ ಇದೆ’ ಎಂದ.
‘ಗಂಜಿ ಜಾಸ್ತಿ ಆಯ್ತು’ ಎಂದೆ.
ಅದೊಂದನ್ನು ಗಂಟಿನಿಂದ ತೆಗೆದು
ಎಲ್ಲದರ ಮೇಲೆ ಇಟ್ಟುಕೊಂಡ.

ಕಲೆ ಪೂರ್ತಿ ಹೋಗಿರಲಿಲ್ಲ.
ಬೆಳಕಿಗೆ ಹಿಡಿದರೆ ಮಾತ್ರ, ಗುಲಾಬಿಯ ಒಂದು ಉಸಿರಿನಷ್ಟು.
ಮಾರನೆ ದಿನ ಬಾಂಗಿನ ಹೊತ್ತಿಗೆ ಯಜಮಾನರು ಅದನ್ನೇ ತೊಟ್ಟು
ಅಂಗಡಿ ಮುಂದೆ ಹಾದು ಮಸೀದಿಗೆ ಹೋದರು.
ಸಲಾಂ ಎಂದರು.
ನಾನು ಅವರ ಎದೆಯನ್ನೇ ನೋಡುತ್ತಿದ್ದೆ.

ಮುಂದಿನ ಬುಧವಾರ ಏಪ್ರನ್ ಬಂತು.
ಜೇಬು ನೋಡು ಎಂದೆ. ನೋಡಲಿಕ್ಕಾಗುವುದಿಲ್ಲ ಎಂದ ಮೊತಾಲೆಬ್.
ಬಾಯಿ ಹೊಲಿದಿತ್ತು.
ಕೆಂಪು ದಾರ, ಒತ್ತೊತ್ತು ಹೊಲಿಗೆ, ಒಳಗೆ ಏನೂ ಇಲ್ಲ.
ಹೆದರಿಕೆಯೋ, ನನಗೆ ಹೇಳಿದ ಏನೋ ಒಂದೋ,
ಮೇಡಮ್ಮೇ ಹೊಲಿಸಿದ್ದೋ.

ದಾರ ಬಣ್ಣ ಬಿಡುತ್ತದೆಯೇ ಎಂದು ನೋಡಲು
ತುದಿಯಷ್ಟೇ ನೀರಲ್ಲಿ ಅದ್ದಿದೆ.
ಬಿಡಲಿಲ್ಲ.