ತಾರಸಿಯ ಕೀಲಿ

ಮಗಳು ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡುತ್ತಾಳೆ.
ನಾನು ಅವರೆಕಾಳು ಹಿತುಕುತ್ತಾ ನೋಡುತ್ತೇನೆ.
ಕೊರಿಯಾ ದೇಶದ ಒಂದು ಹೈಸ್ಕೂಲು.
ಹುಡುಗರು ಕೋಟು ತೊಟ್ಟು, ಟೈ ಬಿಗಿದುಕೊಂಡು
ನಮ್ಮ ಹತ್ತನೇ ಸಿ ಸೆಕ್ಷನ್ನಿನ ಹಾಗೇ ಹೊಡೆದಾಡುತ್ತಾರೆ.

ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ.
ನೇತ್ರಾ ಓದಿ ಹೇಳುವಷ್ಟರಲ್ಲಿ ಮುಖ ಬದಲಾಗಿರುತ್ತದೆ.
ಬೇಡ ಬಿಡೇ, ಅಂದೆ ಮೂರನೇ ದಿನ,
ಬೈಗುಳ ಯಾವ ಭಾಷೆಯದಾದರೂ ತಿಳಿಯುತ್ತೆ.
ಹದಿನೆಂಟು ವರ್ಷ ಗಂಟೆ ಹೊಡೆದವಳು ನಾನು,
ಏಟು ಬೀಳುವ ಮೊದಲು
ಬೆಂಚುಗಳು ಹೇಗೆ ಸುಮ್ಮನಾಗುತ್ತವೆ ಅಂತ ಗೊತ್ತು.

ಅಲ್ಲಿ ಎಲ್ಲ ಆಗುವುದು ತಾರಸಿಯ ಮೇಲೆ.
ಪ್ರೀತಿ ಹೇಳುವುದು, ಪುಂಡರು ಸುತ್ತುಗಟ್ಟುವುದು,
ಒಬ್ಬಳೇ ಕೂತು ಅನ್ನದುಂಡೆ ತಿನ್ನುವುದು.
ಬೀಗವೇ ಇಲ್ಲ.
ಒಡೆದ ಗಾಜು ಮುಂದಿನ ಸೀನಿಗೆ ಎಲ್ಲಿ ಹೋಯ್ತೇ, ಅಟೆಂಡರ್ ಕಾಣಲ್ಲ?
ಹುಡುಗರೇ ಗುಡಿಸ್ತಾರಂತಮ್ಮ, ಅಂದಳು.
ನಂಬಲಿಲ್ಲ ನಾನು. ಕೊರಿಯಾವನ್ನು ನಂಬಿದೆ, ಇದನ್ನು ನಂಬಲಿಲ್ಲ.

ನಮ್ಮದು ಭದ್ರಾವತಿ. ಗಂಟೆ ಅಂದರೆ ರೈಲುಹಳಿಯ ತುಂಡು.
ನ್ಯೂಟೌನಿನಲ್ಲಿ ಕಾರ್ಖಾನೆ ಸೈರನ್ ನಂಬಿ
ಈಗ ಯಾರೂ ಅನ್ನಕ್ಕಿಡುವುದಿಲ್ಲ.
ಸಿ ಸೆಕ್ಷನ್ನಿನ ಡೆಸ್ಕಿನಡಿ ಗುಡಿಸುವಾಗ ಸಿಕ್ಕಿದ್ದು
ಅರ್ಧ ಬ್ಲೇಡು, ಗುಟ್ಕಾ ಚೀಟಿ, ಗೆಜ್ಜೆಯ ಒಂದು ಗುಂಡು,
ಯಾರ ಹೆಸರೂ ಇಲ್ಲದ ಕ್ಷಮಾಪಣೆ ಪತ್ರ,
ಐದು ಸಲ ಶುರುಮಾಡಿ ಹೊಡೆದುಹಾಕಿದ್ದು.
ಹೆಡ್‌ಮಾಸ್ಟರಿಗೆ ಬ್ಲೇಡು ಕೊಟ್ಟೆ.
ಪತ್ರ ಕೊಡಲಿಲ್ಲ.

ಶುಕ್ರವಾರ ಕೊನೇ ಪಿರಿಯಡ್ಡಿಗೆ ಕದಿರೇಶ ಬಂದ.
ಎಡಗಣ್ಣು ಬಾತಿತ್ತು, ಅಂಗಿಯಲ್ಲಿ ಎರಡೇ ಗುಂಡಿ.
ಹಾಲಮ್ಮಕ್ಕ, ಮೇಲಿನ ಕೀಲಿ ಕೊಡಿ.
ಯಾಕೋ?
ಚೆಂಡು ಹೋಗಿದೆ.
ಅವನನ್ನು ಆಟಕ್ಕೆ ಸೇರಿಸಿಕೊಳ್ಳೋದು ಬಿಟ್ಟು ಎರಡು ವರ್ಷ.

ಹನ್ನೊಂದನೇ ಕಂತು ನೆನಪಾಯಿತು.
ಮೋಟುಗೋಡೆಯ ಪಕ್ಕ ಜೋಡಿಸಿಟ್ಟ ಬೂಟು,
ಅದರೊಳಗೆ ಮಡಿಸಿದ ಕಾಲುಚೀಲ,
ಆಮೇಲೆ ಶಾಂಪೂ ಜಾಹೀರಾತು.
ಹನ್ನೆರಡನೆಯದಕ್ಕೆ ನನಗೆ ಧೈರ್ಯ ಬಂದಿರಲಿಲ್ಲ.

ಕೀಲಿ ಸೊಂಟದಲ್ಲೇ ಇತ್ತು. ಇಲ್ಲ ಅನ್ನಬಹುದಿತ್ತು.
ಇಲ್ಲ ಅಂದರೆ ಹೊಳೆಯಿದೆ, ರೈಲಿದೆ,
ಅವಕ್ಕೆಲ್ಲ ನನ್ನ ಹತ್ತಿರ ಬೀಗವಿಲ್ಲ.
ನಡಿ, ನಾನೂ ಬರ್ತೀನಿ.
ನನ್ನ ಮಂಡಿಗೆ ಮೂವತ್ತೆರಡು ಮೆಟ್ಟಿಲು.
ಎರಡು ಸಲ ನಿಂತ ಅವನು, ನನಗಾಗಿ.

ಮೇಲೆ ಏನಿದೆ, ನೀರಿನ ಟ್ಯಾಂಕು, ಕಾಲು ಮುರಿದ ಬೆಂಚು,
ಪಾರಿವಾಳದ ಹಿಕ್ಕೆ, ಬಿಸಿಲಿಗೆ ಸೊಟ್ಟಗಾದ ಏಷ್ಯಾ ಭೂಪಟ.
ಚೆಂಡು ಇರಲಿಲ್ಲ.
ಅವನ ಕಾಲನ್ನೇ ನೋಡುತ್ತಿದ್ದೆ, ಚಪ್ಪಲಿ ಬಿಡ್ತಾನಾ ಅಂತ.
ಬಿಟ್ಟ.
ಎದೆ ಹಳಿತುಂಡಿನ ಹಾಗೆ ಒಮ್ಮೆ ಬಡಿಯಿತು.

ಕಲ್ಲು ಸಿಕ್ಕೊಂಡಿದೆ, ಅಂದ. ಕೊಡವಿ ಮತ್ತೆ ಹಾಕಿಕೊಂಡ.
ಟ್ಯಾಂಕಿನ ನೆರಳಿಗೆ ಕೂತು ಚಿಮಣಿ ಕಡೆ ಬೆರಳು ತೋರಿಸಿದ.
ನಮ್ಮಪ್ಪ ಅದರ ತುದಿಗೆ ಹತ್ತಿದ್ರಂತೆ. ಸುಳ್ಳೇನೋ.
ಹತ್ತಿರಬಹುದು ಬಿಡೋ, ಅಂದೆ.

ಸ್ವಲ್ಪ ಹೊತ್ತಿಗೆ ಅವನಿಗೆ ಅಳು ಬಂತು.
ಡ್ರಾಮಾದಲ್ಲಾದರೆ ಪಿಯಾನೊ ಶುರುವಾಗುತ್ತದೆ.
ನಮಗೆ ಕೆಳಗಿನ ಎಂಟನೇ ಕ್ಲಾಸಿನ ಮಗ್ಗಿ.
ಹದಿಮೂರೇಳ್ಲ ಅಂದು ಇಡೀ ಕ್ಲಾಸು ತಡವರಿಸಿತು.
ತೊಂಬತ್ತೊಂದು, ಅಂದ ಕದಿರೇಶ, ಮೂಗು ಒರೆಸಿಕೊಳ್ಳುತ್ತಾ,
ಯಾರಿಗೂ ಕೇಳಿಸದ ಹಾಗೆ.

ನಾಲ್ಕೂವರೆಯ ಲಾಂಗ್ ಬೆಲ್ಲು
ಆವತ್ತು ನಾಲ್ಕು ನಲವತ್ತಕ್ಕೆ ಆಯಿತು.
ಹೆಡ್‌ಮಾಸ್ಟರು ಮೆಮೊ ಕೊಟ್ಟರು, ಕಾರಣ ಬರೆಯಿರಿ ಅಂತ.
ಬರೆದೆ:
ಚೆಂಡು ಹುಡುಕುತ್ತಿದ್ದೆ.